ಪವರ್‌ಫುಲ್ ಎಲೆಕ್ಟ್ರಿಕ್ ಬೈಕ್ ಬುಕ್ ಮಾಡುವ ಮುಂಚೆ: ಲೆಕ್ಕ ಹಾಕುವುದು ಹೇಗೆ, ಓಡಿಸಿ ನೋಡುವುದು ಹೇಗೆ

ಎಲೆಕ್ಟ್ರಿಕ್ ಬೈಕ್ ತಗೊಳ್ಳಬೇಕು ಅಂತ ಇರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಫುಲ್ ಚಾರ್ಜ್‌ಗೆ ಎಷ್ಟು ಕಿಲೋಮೀಟರ್ ಓಡುತ್ತೆ?" ಪ್ರಶ್ನೆ ಸರಿಯೇ. ಆದರೆ ಅದಕ್ಕೆ ಒಂದೇ ಉತ್ತರ ಇಲ್ಲ. ಅದೇ ಬೈಕು, ಅದೇ ಬ್ಯಾಟರಿ. ಮಲ್ಲೇಶ್ವರದಿಂದ ಜಯನಗರಕ್ಕೆ ಟ್ರಾಫಿಕ್ಕಿನಲ್ಲಿ ಓಡಾಡಿದರೆ ಒಂದು ಉತ್ತರ, ಹೆಬ್ಬಾಳ ದಾಟಿ ದೇವನಹಳ್ಳಿ ಕಡೆ ಆಕ್ಸಿಲೇಟರ್ ತಿರುವಿದರೆ ಇನ್ನೊಂದು ಉತ್ತರ. ಎರಡೂ ನಿಜ. ನಿಮ್ಮ ಪಾಲಿನ ಉತ್ತರ ಯಾವುದು ಅಂತ ನೀವೇ ಕಂಡುಕೊಳ್ಳಬೇಕು, ಅದು ಅಷ್ಟು ಕಷ್ಟವೂ ಅಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಈ ಬೈಕುಗಳೆಂದರೆ ತುಂಬಾ ಇಷ್ಟ. ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿ 2019ರ ನವೆಂಬರ್‌ನಲ್ಲಿ ಎಫ್77 ತೋರಿಸಿದಾಗ, ನಮ್ಮೂರಲ್ಲೇ ಇಂಥದ್ದೊಂದು ತಯಾರಾಗುತ್ತಿದೆ ಅಂತ ನಿಜಕ್ಕೂ ಖುಷಿಯಾಗಿತ್ತು. ಅದು ಮಾರಾಟಕ್ಕೆ ಬಂದಿದ್ದು 2022ರ ನವೆಂಬರ್‌ನಲ್ಲಿ. ಮೂರು ವರ್ಷ! ಅಷ್ಟರಲ್ಲಿ ಬ್ಯಾಟರಿಯೇ ಬದಲಾಗಿತ್ತು. ಮೊದಲು ತೋರಿಸಿದ್ದು ಸುಮಾರು 4 ಯೂನಿಟ್‌ನದ್ದು, ಮಾರಾಟಕ್ಕೆ ಬಂದಾಗ ದೊಡ್ಡ ಮಾಡೆಲ್‌ನಲ್ಲಿ 10.3 ಯೂನಿಟ್. ಈಗ ಬೆಂಗಳೂರಿನದೇ ಓಬೆನ್ ರೋರ್ ಇದೆ, ಪುಣೆಯ ಟಾರ್ಕ್ ಕ್ರೇಟೋಸ್ ಇದೆ, ರಿವೋಲ್ಟ್ ಇದೆ, ಅಹಮದಾಬಾದಿನ ಮ್ಯಾಟರ್ ಏರಾ ಅಂತೂ ಎಲೆಕ್ಟ್ರಿಕ್ ಬೈಕಿಗೆ ನಾಲ್ಕು ಗೇರ್ ಕೊಟ್ಟಿದೆ. ಆಯ್ಕೆ ಇದೆ ಅಂದಮೇಲೆ ಗೊಂದಲವೂ ಇರುತ್ತದೆ, ಅಲ್ವಾ?

ಯೂನಿಟ್ ಅಂದೆ. ಅಲ್ಲಿಂದಲೇ ಶುರು ಮಾಡೋಣ.

ಬ್ರೋಷರ್‌ನಲ್ಲಿ ಕಿಲೋವ್ಯಾಟ್ ಅವರ್ ಅಂತ ಬರೆದಿರುವುದೂ ನಿಮ್ಮ ಬೆಸ್ಕಾಂ ಬಿಲ್ಲಿನಲ್ಲಿರುವ ಯೂನಿಟ್ಟೂ ಒಂದೇ. 4 ಕಿಲೋವ್ಯಾಟ್ ಅವರ್ ಬ್ಯಾಟರಿ ಅಂದರೆ 4 ಯೂನಿಟ್ ಕರೆಂಟ್ ಹಿಡಿಯುವ ಡಬ್ಬ, ಅಷ್ಟೇ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಅಂದರೆ ಲಕ್ಷಗಟ್ಟಲೆ ಕೊಟ್ಟು ತರುವ ದೊಡ್ಡ ಎಲೆಕ್ಟ್ರಿಕ್ ಬೈಕಿನ ಬ್ಯಾಟರಿ ಕೂಡ ಲೀಟರಿಗಿಂತ ಸ್ವಲ್ಪ ಜಾಸ್ತಿ ಪೆಟ್ರೋಲಿಗೆ ಸಮ. ಪೆಟ್ರೋಲ್ ಇಂಜಿನ್ ಅದರಲ್ಲಿ ಮುಕ್ಕಾಲು ಪಾಲನ್ನು ಬಿಸಿ ಮಾಡಿ ಕಳೆಯುತ್ತದೆ, ಮೋಟಾರ್ ಹೆಚ್ಚುಕಮ್ಮಿ ಪೂರ್ತಿ ಚಕ್ರಕ್ಕೆ ಕೊಡುತ್ತದೆ, ಹಾಗಾಗಿ ಗಾಡಿ ಅಷ್ಟು ದೂರ ಓಡುತ್ತದೆ. ಆದರೂ ಡಬ್ಬ ಚಿಕ್ಕದು ಅನ್ನುವುದು ತಲೆಯಲ್ಲಿರಲಿ.

ಈಗ ಕರೆಂಟಿನ ಖರ್ಚು. ಕಂಪನಿ ಹೇಳುವ ರೇಂಜ್ ಪಕ್ಕದಲ್ಲಿ ಐಡಿಸಿ ಅಂತ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಇಂಡಿಯನ್ ಡ್ರೈವಿಂಗ್ ಸೈಕಲ್ ಅನ್ನುವ ಟೆಸ್ಟ್ ಅದು. ಆ ಟೆಸ್ಟ್‌ನಲ್ಲಿ ಗಾಡಿಯ ಗರಿಷ್ಠ ವೇಗವೇ ಗಂಟೆಗೆ 42 ಕಿಲೋಮೀಟರ್. ಸರಾಸರಿ ಸುಮಾರು 22. ಊರೊಳಗಿನ ಓಡಾಟಕ್ಕೆ ಇದು ಸರಿಯಾದ ಅಳತೆ, ಕಂಪನಿ ಸುಳ್ಳು ಹೇಳುತ್ತಿಲ್ಲ. ಆದರೆ 150ರ ಟಾಪ್ ಸ್ಪೀಡ್ ನೋಡಿ ಬೈಕ್ ತಗೊಳ್ಳುವವರು 42ರಲ್ಲಿ ಓಡಿಸುತ್ತಾರಾ?

ಗಾಳಿ ತಡೆಯುವ ಬಲ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ನಾನು ಇಟ್ಟುಕೊಂಡಿರುವ ಅಂದಾಜು ಹೀಗಿದೆ: ಒಬ್ಬರೇ ನೆಟ್ಟಗೆ ಕೂತು ಒಂದೇ ಸಮ 50ರಲ್ಲಿ ಹೋದರೆ ಕಿಲೋಮೀಟರಿಗೆ ಸುಮಾರು 30 ವ್ಯಾಟ್ ಅವರ್, 80ರಲ್ಲಿ 50, 100ರಲ್ಲಿ 65ರಿಂದ 70. ಸಾವಿರ ವ್ಯಾಟ್ ಅವರ್ ಅಂದರೆ ಒಂದು ಯೂನಿಟ್. ಬ್ಯಾಟರಿಯಲ್ಲಿ ಹತ್ತರಲ್ಲೊಂದು ಪಾಲು ಕೊನೆಗೆ ಉಳಿಸಿಕೊಳ್ಳಿ, ಮಿಕ್ಕಿದ್ದನ್ನು ಈ ಸಂಖ್ಯೆಯಿಂದ ಭಾಗಿಸಿ. 10 ಯೂನಿಟ್ ಬೈಕಿನಲ್ಲಿ ಬಳಸಲು 9 ಸಿಗುತ್ತದೆ: 50ರ ವೇಗದಲ್ಲಿ 300 ಕಿಲೋಮೀಟರ್, 80ರಲ್ಲಿ 180, 100ರಲ್ಲಿ ಹತ್ತಿರ ಹತ್ತಿರ 135. 4 ಯೂನಿಟ್ ಬೈಕಿನಲ್ಲಿ 80ರಲ್ಲಿ ಹೋದರೆ 70 ಚಿಲ್ಲರೆ. ಹಿಂದೆ ಇನ್ನೊಬ್ಬರು ಕೂತರೆ, ಎದುರು ಗಾಳಿ ಬೀಸಿದರೆ, ಟೈರಿನಲ್ಲಿ ಗಾಳಿ ಕಮ್ಮಿ ಇದ್ದರೆ ಇದರಲ್ಲೂ ಕಳೆಯಿರಿ. ಒಂದು ಕಾಗದ ತಗೊಂಡು ನೀವು ವಾರದಲ್ಲಿ ಓಡಾಡುವ ರಸ್ತೆಗಳನ್ನು ಬರೆದು ಈ ಲೆಕ್ಕ ಹಾಕಿ. ಹತ್ತು ನಿಮಿಷದ ಕೆಲಸ.

ಘಾಟ್ ರಸ್ತೆ ಅಂದರೆ ಬ್ಯಾಟರಿ ಖಾಲಿ ಅಂತ ಬಹಳ ಜನ ಹೆದರುತ್ತಾರೆ. ಅದನ್ನೂ ಲೆಕ್ಕ ಹಾಕಿ ನೋಡಿದೆ. ಬೈಕು, ಸವಾರ ಸೇರಿ 280 ಕಿಲೋ ಅಂತ ಇಟ್ಟುಕೊಳ್ಳಿ. ನಂದಿ ಬೆಟ್ಟದ ಬುಡದಿಂದ ಮೇಲಕ್ಕೆ ಸುಮಾರು 500 ಮೀಟರ್ ಏರಿಕೆ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವುದು ಅರ್ಧ ಯೂನಿಟ್‌ಗಿಂತಲೂ ಕಡಿಮೆ! ಇಳಿಯುವಾಗ ರೀಜೆನ್ ಬ್ರೇಕಿಂಗ್, ಅಂದರೆ ಮೋಟಾರೇ ಗಾಡಿಯನ್ನು ಹಿಡಿದು ಬ್ಯಾಟರಿಗೆ ಕರೆಂಟ್ ತುಂಬುವ ವ್ಯವಸ್ಥೆ, ಅದರಲ್ಲಿ ಸ್ವಲ್ಪ ವಾಪಸ್ಸೂ ಕೊಡುತ್ತದೆ. ಬೆಟ್ಟಕ್ಕೆ ಹೋಗಿಬಂದಾಗ ಬ್ಯಾಟರಿ ತಿನ್ನುವುದು ಬೆಟ್ಟಕ್ಕಿಂತ ಜಾಸ್ತಿ, ಅಲ್ಲಿಗೆ ಮುಟ್ಟುವ ಮುಂಚಿನ ನೇರವಾದ ಹೈವೇ.

ಪವರ್ ವಿಷಯಕ್ಕೆ ಬರೋಣ. ಬ್ರೋಷರ್‌ನಲ್ಲಿ 30 ಕಿಲೋವ್ಯಾಟ್ ಪೀಕ್ ಪವರ್ ಅಂತ ಇದ್ದರೆ ಆ ಪೀಕ್ ಅನ್ನುವ ಪದವನ್ನು ಗಮನಿಸಿ. ಆ ಪವರ್ ಸಿಗುವುದು ಸ್ವಲ್ಪ ಹೊತ್ತು ಮಾತ್ರ. ಸಿಕ್ಕುತ್ತಲೇ ಇದ್ದರೂ 10 ಯೂನಿಟ್ ಬ್ಯಾಟರಿ 20 ನಿಮಿಷಕ್ಕೆ ಮುಗಿದುಹೋಗುತ್ತದೆ, ನೀವೇ ಭಾಗಿಸಿ ನೋಡಿ. ಅದಕ್ಕಿಂತ ಮುಂಚೆಯೇ ಮೋಟಾರ್ ಇಲ್ಲವೇ ಬ್ಯಾಟರಿ ಬಿಸಿಯಾಗಿ, ಬಿಎಂಎಸ್ ಅನ್ನುವ ಕಾವಲುಗಾರ ಎಲೆಕ್ಟ್ರಾನಿಕ್ಸ್ ಪವರನ್ನು ಇಳಿಸುತ್ತದೆ. ಆದ್ದರಿಂದ ಶೋರೂಮಿನಲ್ಲಿ ಕಂಟಿನ್ಯೂಯಸ್ ಪವರ್ ಎಷ್ಟು ಅಂತ ಕೇಳಿ. ಬಿಸಿಯಾಗಿ ಸೋಲದೆ ಒಂದೇ ಸಮ ಕೊಡಬಲ್ಲ ಪವರ್ ಅದು. ಉತ್ತರ ಬಾರದಿದ್ದರೆ ಬರೆದುಕೊಡಿ ಅನ್ನಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇಲ್ಲಿದೆ: ಟೆಸ್ಟ್ ರೈಡನ್ನು ಬ್ಯಾಟರಿ ಖಾಲಿಯಾಗುತ್ತಿರುವಾಗ ಮಾಡಿ.

ಇದನ್ನು ನಾನು ಕಲಿತಿದ್ದು ಒಂದು ಭಾನುವಾರ ಬೆಳಿಗ್ಗೆ. ಸ್ನೇಹಿತನ ಹೊಸ ಬೈಕು, ಕಂಪನಿ ಹೆಸರು ಬೇಡ. ನಂದಿಗೆ ಹೋಗುವಾಗ ಅದು ಹಾರಿದಂತೆ ಓಡಿತ್ತು. ವಾಪಸ್ ಬರುವಾಗ ದೇವನಹಳ್ಳಿ ಹತ್ತಿರ ಡಿಸ್‌ಪ್ಲೇ 16 ಪರ್ಸೆಂಟ್ ತೋರಿಸುತ್ತಿತ್ತು. ಮುಂದೆ ಜಲ್ಲಿ ತುಂಬಿದ ಟಿಪ್ಪರ್. ಬಲಕ್ಕೆ ಬಂದು ಆಕ್ಸಿಲೇಟರ್ ಪೂರ್ತಿ ತಿರುವಿದೆ. ಏನೂ ಆಗಲಿಲ್ಲ. ಗಾಡಿ ಅದೇ 65ರಲ್ಲಿ ಮೆತ್ತಗೆ ಹೋಗುತ್ತಲೇ ಇತ್ತು, ಪಕ್ಕದಲ್ಲಿ ಟಿಪ್ಪರಿನ ಹಿಂದಿನ ಚಕ್ರ, ಕನ್ನಡಿಯಲ್ಲಿ ಹೆಡ್‌ಲೈಟ್ ಹಾಕಿಕೊಂಡು ಬರುತ್ತಿರುವ ಕಾರು. ಬ್ರೇಕ್ ಹಿಡಿದು ಮತ್ತೆ ಟಿಪ್ಪರ್ ಹಿಂದೆ ಸರಿದೆ. ಕೈ ನಡುಗುತ್ತಿತ್ತು. ಗಾಡಿ ಕೆಟ್ಟಿರಲಿಲ್ಲ. ಚಾರ್ಜ್ ಕಮ್ಮಿಯಾದಾಗ ಬ್ಯಾಟರಿಯ ವೋಲ್ಟೇಜ್ ಇಳಿಯುತ್ತದೆ, ಅದನ್ನು ಉಳಿಸಲು ಬಿಎಂಎಸ್ ಪವರ್ ತಗ್ಗಿಸಿತ್ತು. ಎಷ್ಟು ಪರ್ಸೆಂಟ್‌ನಲ್ಲಿ ಹೀಗಾಗುತ್ತದೆ ಅಂತ ನನಗೆ ಮೊದಲೇ ಗೊತ್ತಿದ್ದಿದ್ದರೆ ಆ ಟಿಪ್ಪರನ್ನು ದಾಟಲು ಹೋಗುತ್ತಲೇ ಇರಲಿಲ್ಲ.

ಹಾಗಾಗಿ ಶೋರೂಮಿಗೆ ಮುಂಚೆಯೇ ಫೋನ್ ಮಾಡಿ, ಸಂಜೆ ಹೊತ್ತಿಗೆ ಬರುತ್ತೇನೆ, 20 ಪರ್ಸೆಂಟ್ ಒಳಗಿರುವ ಗಾಡಿ ಕೊಡಿ ಅಂತ ಕೇಳಿ. "ಸರ್, ಹಂಗೆ ಯಾರೂ ಕೇಳಲ್ವಲ್ಲ" ಅಂತ ಒಬ್ಬ ಹುಡುಗ ನನಗೆ ಹೇಳಿದ್ದ, ಆಮೇಲೆ ಕೊಟ್ಟ. 20, 15, 10, ಪ್ರತಿ ಹಂತದಲ್ಲೂ ಖಾಲಿ ರಸ್ತೆ ನೋಡಿಕೊಂಡು ಆಕ್ಸಿಲೇಟರ್ ತಿರುವಿ, ಎಳೆತ ಎಲ್ಲಿ ಸತ್ತುಹೋಗುತ್ತದೆ ಅಂತ ಬರೆದಿಟ್ಟುಕೊಳ್ಳಿ. ಇನ್ನೊಂದು ರೈಡ್ ಮಧ್ಯಾಹ್ನದ ಬಿಸಿಲಿನಲ್ಲಿ ಮಾಡಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗಂತೂ ಇದು ಬೇಕೇ ಬೇಕು. ಬೆಂಗಳೂರಿನ ತಂಪಿನಲ್ಲಿ ಸುಮ್ನೆ ಓಡುವ ಗಾಡಿ 42 ಡಿಗ್ರಿಯಲ್ಲಿ ಹಾಗೇ ಓಡುತ್ತದೆ ಅಂತ ಅಂದುಕೊಳ್ಳಬೇಡಿ.

ಚಾರ್ಜಿಂಗ್. ಚಾರ್ಜರ್ ಎಷ್ಟು ವ್ಯಾಟ್‌ನದ್ದು ಅಂತ ಕೇಳಿ. 10 ಯೂನಿಟ್ ಬ್ಯಾಟರಿಗೆ 1 ಕಿಲೋವ್ಯಾಟ್ ಚಾರ್ಜರ್ ಹಾಕಿದರೆ ಹತ್ತು ಗಂಟೆ ದಾಟುತ್ತದೆ, 3 ಕಿಲೋವ್ಯಾಟ್‌ನದ್ದಾದರೆ ನಾಲ್ಕು ಗಂಟೆ ಒಳಗೆ. ಜೋರಾಗಿ ಚಾರ್ಜ್ ಮಾಡುವ ಚಾರ್ಜರ್‌ಗೆ ಕೆಲವು ಕಡೆ ಬೇರೆಯಾಗಿ ದುಡ್ಡು ಕೊಡಬೇಕು, ಅದು ಬೆಲೆಯಲ್ಲಿ ಸೇರಿದೆಯಾ ನೋಡಿ. ಮನೆಯಲ್ಲಿ ಫ್ರಿಜ್, ಗೀಸರ್‌ಗೆ ಇರುವಂಥ 15 ಆಂಪ್‌ನ ದೊಡ್ಡ ಪ್ಲಗ್ ಪಾಯಿಂಟೇ ಬೇಕು, ಅರ್ತಿಂಗ್ ಸರಿಯಾಗಿರಬೇಕು. ಒಂದು ಸುಲಭದ ಪರೀಕ್ಷೆ: ಚಾರ್ಜ್‌ಗೆ ಹಾಕಿ ಒಂದು ಗಂಟೆ ಆದಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಪ್ಲಾಸ್ಟಿಕ್ ಭಾಗದ ಮೇಲೆ ಬೆರಳಿಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳು ಇಟ್ಟುಕೊಳ್ಳಲಾರದಷ್ಟು ಸುಡುತ್ತಿದ್ದರೆ ಒಳಗೆ ವೈರ್ ಸಡಿಲವಾಗಿದೆ ಇಲ್ಲವೇ ತೆಳುವಾಗಿದೆ, ಆವತ್ತೇ ಎಲೆಕ್ಟ್ರಿಶಿಯನ್‌ನನ್ನು ಕರೆಸಿ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಬೈಕ್ ನೋಡುವ ಮುಂಚೆಯೇ ಅಸೋಸಿಯೇಷನ್ ಹತ್ತಿರ ಒಪ್ಪಿಗೆ ಪತ್ರ ತಗೊಳ್ಳಿ. ಬುಕ್ ಮಾಡಿದ ಮೇಲೆ ಕೇಳಲು ಹೋದರೆ ತಿಂಗಳುಗಟ್ಟಲೆ ಎಳೆಯುತ್ತದೆ. ದಾರಿಯಲ್ಲಿ ಸಿಗುವ ಕಾರಿನ ಫಾಸ್ಟ್ ಚಾರ್ಜರ್ ನಿಮ್ಮ ಬೈಕಿಗೆ ಹೊಂದುತ್ತದೆ ಅಂತ ನಂಬಿಕೊಂಡು ಹೊರಡಬೇಡಿ. ನಿಮ್ಮ ಗಾಡಿಯ ಕನೆಕ್ಟರ್ ಯಾವುದು, ಅದು ಸಿಗುವ ಜಾಗಗಳು ಎಲ್ಲೆಲ್ಲಿವೆ ಅಂತ ಮೊದಲೇ ನೋಡಿ.

ಇನ್ನು ಮೈಸೂರಿಗೆ ಓಡಿಸಿಕೊಂಡು ಹೋಗಬೇಕು ಅನ್ನುವವರಿಗೆ ಒಂದು ಮಾತು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕುಗಳಿಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ವೇಗ ತಾನಾಗೇ ಕಮ್ಮಿ, ರೇಂಜ್ ತಾನಾಗೇ ಜಾಸ್ತಿ. ನಿಮ್ಮ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಬೈಕಿನಷ್ಟೇ ಕಂಪನಿಯನ್ನೂ ನೋಡಬೇಕು. ಈ ಕ್ಷೇತ್ರದಲ್ಲಿ ಚೆನ್ನಾಗಿ ಬೈಕ್ ಮಾಡಿದವರೂ ಮುಳುಗಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಮೋಟರ್ಸ್ 2015ರಲ್ಲಿ ದಿವಾಳಿಯಾಯಿತು. ಮೋಟೋಕ್ರಾಸ್ ಬೈಕಿಗೆ ಹೆಸರಾಗಿದ್ದ ಆಲ್ಟಾ 2018ರಲ್ಲಿ ಬಾಗಿಲು ಹಾಕಿತು. ಸ್ವೀಡನ್ನಿನ ಕೇಕ್ 2024ರ ಫೆಬ್ರವರಿಯಲ್ಲಿ ದಿವಾಳಿ. ಎಲೆಕ್ಟ್ರಿಕ್ ಬೈಕುಗಳ ಮೋಟೋಇ ರೇಸಿಗೆ ನಾಲ್ಕು ವರ್ಷ ಬೈಕ್ ಕೊಟ್ಟ ಇಟಲಿಯ ಎನರ್ಜಿಕಾ ಕೂಡ ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ದಾರಿ ಹಿಡಿಯಿತು. 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಝೀರೋ ಇಷ್ಟು ವರ್ಷ ತಾಳಿಕೊಂಡು ಬಂದಿದೆ. ಪೆಟ್ರೋಲ್ ಬೈಕಿನ ಕಂಪನಿ ಮುಚ್ಚಿದರೂ ಮೂಲೆ ಅಂಗಡಿ ಮೆಕ್ಯಾನಿಕ್ ಅದನ್ನು ಓಡುವಂತೆ ಇಟ್ಟಿರುತ್ತಾನೆ. ಆದರೆ ಎಲೆಕ್ಟ್ರಿಕ್ ಬೈಕಿನ ಮೋಟಾರಿಗೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್, ಬಿಎಂಎಸ್, ಆ್ಯಪ್, ಎಲ್ಲದರ ಬೀಗದ ಕೈ ಕಂಪನಿ ಹತ್ತಿರವೇ ಇರುತ್ತದೆ.

ಹಾಗಾದರೆ ಹೊಸ ಕಂಪನಿಯಿಂದ ತಗೊಳ್ಳಲೇಬಾರದಾ? ತಗೊಳ್ಳಿ. ನಾವು ತಗೊಳ್ಳದಿದ್ದರೆ ಅವರು ಬೆಳೆಯುವುದು ಹೇಗೆ? ಆದರೆ ಬೈಕ್ ತೋರಿಸಿದ್ದಕ್ಕೆ ಬುಕ್ ಮಾಡಬೇಡಿ, ರಸ್ತೆಯಲ್ಲಿ ಓಡುತ್ತಿರುವ ಬೈಕಿಗೆ ಬುಕ್ ಮಾಡಿ. ಬುಕಿಂಗ್ ದುಡ್ಡು ವಾಪಸ್ ಕೊಡುತ್ತಾರಾ ಅಂತ ಓದಿ. ನಿಮ್ಮ ಜಿಲ್ಲೆಯಲ್ಲಿ ಸರ್ವಿಸ್ ಸೆಂಟರ್ ಇದೆಯಾ, ಅಥವಾ ಗಾಡಿಯನ್ನು ಬೆಂಗಳೂರಿಗೆ ಲಾರಿಯಲ್ಲಿ ಕಳಿಸಬೇಕಾ ಅಂತ ಕೇಳಿ. ಸರ್ವಿಸ್ ಸೆಂಟರಿನ ಗೇಟ್ ಹತ್ತಿರ ಶನಿವಾರ ಬೆಳಿಗ್ಗೆ ಅರ್ಧ ಗಂಟೆ ನಿಂತುಕೊಳ್ಳಿ, ಗಾಡಿ ಬಿಡಲು ಬಂದವರನ್ನು ಮಾತಾಡಿಸಿ. "ಬ್ರೇಕ್ ಲಿವರ್ ಮುರಿದರೆ ಎಷ್ಟು ದಿನಕ್ಕೆ ಸಿಗುತ್ತೆ?" ಅಂತ ಕೇಳಿದರೆ ಸಾಕು, ನಿಮಗೆ ಬೇಕಾದ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ.

ವಾರಂಟಿ ಕಾರ್ಡಿನಲ್ಲಿ ವರ್ಷ, ಕಿಲೋಮೀಟರ್ ಜೊತೆಗೆ ಇನ್ನೊಂದು ಸಾಲು ಹುಡುಕಿ: ಬ್ಯಾಟರಿ ಎಷ್ಟು ಪರ್ಸೆಂಟ್‌ಗಿಂತ ಕೆಳಗೆ ಸೊರಗಿದರೆ ಬದಲಾಯಿಸಿಕೊಡುತ್ತಾರೆ? ಆ ಸಾಲು ಇಲ್ಲದ ವಾರಂಟಿ ಅರ್ಧ ವಾರಂಟಿ. ಬ್ಯಾಟರಿಯೊಳಗಿನ ಸೆಲ್ ಯಾವ ಬಗೆಯದ್ದು ಅಂತಲೂ ಕೇಳಿ, ಎಲ್‌ಎಫ್‌ಪಿ, ಎನ್‌ಎಂಸಿ ಅಂತ ಎರಡು ಬಗೆಯ ಲಿಥಿಯಂ ಸೆಲ್‌ಗಳಿವೆ. ಎಲ್‌ಎಫ್‌ಪಿ ಆದರೆ ತೂಕ ಜಾಸ್ತಿ, ಆದರೆ ಬಿಸಿ ತಾಳುತ್ತದೆ, ಬಾಳಿಕೆಯೂ ಹೆಚ್ಚು. ಎನ್‌ಎಂಸಿ ಆದರೆ ಅದೇ ತೂಕಕ್ಕೆ ಜಾಸ್ತಿ ಯೂನಿಟ್ ಹಿಡಿಯುತ್ತದೆ. ಸಬ್ಸಿಡಿ ನಂಬಿಕೊಂಡು ಬಜೆಟ್ ಮಾಡಬೇಡಿ, 2024ರಲ್ಲಿ ಶುರುವಾದ ಕೇಂದ್ರದ ಪಿಎಂ ಇ–ಡ್ರೈವ್ ಯೋಜನೆಯಲ್ಲೂ ಎಕ್ಸ್ ಫ್ಯಾಕ್ಟರಿ ಬೆಲೆ, ಅಂದರೆ ಕಾರ್ಖಾನೆಯಿಂದ ಹೊರಡುವಾಗಿನ ಬೆಲೆ, ಒಂದೂವರೆ ಲಕ್ಷ ದಾಟಿದ ಗಾಡಿಗೆ ಸಬ್ಸಿಡಿ ಇರಲಿಲ್ಲ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮೋಟಾರಿನ ಕಿಲೋವ್ಯಾಟ್ ನೋಡಿ ಏರುತ್ತದೆ, 16 ದಾಟಿದರೆ ಎಲ್ಲಕ್ಕಿಂತ ಮೇಲಿನ ದರ.

ಡೆಲಿವರಿ ದಿನ ಮನೆಯವರೆಲ್ಲ ಬಂದಿರುತ್ತಾರೆ, ಪೂಜೆ, ನಿಂಬೆಹಣ್ಣು, ಫೋಟೋ. ಅದಕ್ಕೂ ಮುಂಚೆ ಹತ್ತು ನಿಮಿಷ ನೀವೊಬ್ಬರೇ ಗಾಡಿ ಹತ್ತಿರ ಹೋಗಿ. ಬ್ಯಾಟರಿ, ಮೋಟಾರ್, ಚಾರ್ಜರ್ ಮೂರರ ಮೇಲೂ ಸೀರಿಯಲ್ ನಂಬರ್ ಇರುತ್ತದೆ. ಇನ್‌ವಾಯ್ಸ್ ಜೊತೆ ಒಂದೊಂದೇ ಅಂಕಿ ಓದಿ ಹೋಲಿಸಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಆ್ಯಪ್ ನಿಮ್ಮ ನಂಬರಿಗೆ ರಿಜಿಸ್ಟರ್ ಆಗಿದೆಯಾ ನೋಡಿ. ಚೈನ್ ಇರುವ ಗಾಡಿಯಾದರೆ ಲ್ಯೂಬ್ ಎಷ್ಟು ಕಿಲೋಮೀಟರಿಗೆ ಹಾಕಬೇಕು ಅಂತ ಕೇಳಿಕೊಳ್ಳಿ, ಎಲೆಕ್ಟ್ರಿಕ್ ಅಂತ ಅದು ತಪ್ಪುವುದಿಲ್ಲ. ಆಮೇಲೆ ಚಾರ್ಜರನ್ನು ಅಲ್ಲೇ ಶೋರೂಮಿನ ಪ್ಲಗ್ಗಿಗೆ ಹಾಕಿಸಿ, ಪರ್ಸೆಂಟ್ ಒಂದಾದರೂ ಏರುವುದನ್ನು ಕಣ್ಣಾರೆ ನೋಡಿ, ಆಮೇಲೆ ಸಹಿ ಮಾಡಿ.