ಮುಸುರೆ ನೀರಿಗೊಂದು ಮಡಿ

ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಹೊಂಡಗಳು ಗೊತ್ತೇ ಇರುತ್ತವೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ಹಿತ್ತಿಲಲ್ಲಿ ಜಲ್ಲಿ ತುಂಬಿ ಗಿಡ ನೆಟ್ಟ ಮಡಿಯೊಂದರಲ್ಲಿ ಬಚ್ಚಲ ನೀರು ತಿಳಿ ಮಾಡುವುದಕ್ಕೂ ಅಷ್ಟು ಸಾಕು. ಉಳಿದ ಕೆಲಸ ಬ್ಯಾಕ್ಟೀರಿಯಾಗಳದ್ದು.

ಸ್ನಾನ ಮಾಡಿದ, ಬಟ್ಟೆ ಒಗೆದ, ಪಾತ್ರೆ ತೊಳೆದ ನೀರಿಗೆ ಮಾತ್ರ ಇದು. ಕಕ್ಕಸಿನ ನೀರು ಸೇರಕೂಡದು.

ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 240 ಲೀಟರ್ ಬರುತ್ತದೆ ಅಂದುಕೊಳ್ಳಿ. 10 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳದ ಗುಂಡಿ ತೆಗೆಯಿರಿ. ತಳ ಹೊರದಾರಿಯ ಕಡೆ ಸ್ವಲ್ಪ ಇಳಿದಿರಲಿ. ಒಳಗೆ ದಪ್ಪ ಟಾರ್ಪಾಲು ಹಾಸಿ. ನೀರು ಬರುವ ತುದಿಗೂ ಹೋಗುವ ತುದಿಗೂ ಮುಷ್ಟಿ ಗಾತ್ರದ ಕಲ್ಲು, ನಡುವೆ ತೊಳೆದ 20 ಎಂಎಂ ಜಲ್ಲಿ ತುಂಬಿ. ಜಲ್ಲಿ ಸಂದಿಯಲ್ಲಿ ಸುಮಾರು 700 ಲೀಟರ್ ನಿಲ್ಲುತ್ತದೆ. ಅಂದರೆ ಇವತ್ತು ಒಳಗೆ ಹೋದ ನೀರು ಹೊರಗೆ ಬರಲು ಹೆಚ್ಚುಕಡಿಮೆ ಮೂರು ದಿನ. ಸೂಕ್ಷ್ಮಜೀವಿಗಳಿಗೆ ಊಟ ಮಾಡಲು ಅಷ್ಟು ಹೊತ್ತು ಬೇಕು.

ಹೊರಹೋಗುವ ಪೈಪನ್ನು ತಳದಿಂದ ತೆಗೆದು, ಹೊರಗೆ ಎಲ್ಬೊ (ಮೊಣಕೈಯಂತೆ ಬಾಗಿದ ಪೈಪ್ ತುಂಡು) ಹಾಕಿ ಮೇಲಕ್ಕೆ ತಿರುಗಿಸಿ. ಅದರ ಬಾಯಿ ಜಲ್ಲಿಯ ಮೇಲ್ಮೈಗಿಂತ ಮೂರು ಇಂಚು ಕೆಳಗಿರಬೇಕು. ಆಗ ನೀರು ಕಣ್ಣಿಗೆ ಬೀಳುವುದಿಲ್ಲ. ಜಲ್ಲಿ ಮುಚ್ಚಿದ ನೀರಲ್ಲಿ ಸೊಳ್ಳೆ ಮೊಟ್ಟೆ ಇಡುವುದೂ ಇಲ್ಲ.

ಮುಸುರೆ ನೀರು ನೇರ ಮಡಿಗೆ ಬರಬಾರದು. ಪಕ್ಕದ ದಾವಣಗೆರೆಯ ಬೆಣ್ಣೆ ದೋಸೆ ರುಚಿ ನಮ್ಮ ಅಡುಗೆಮನೆಗಳಿಗೂ ಹತ್ತಿದೆ, ಜಿಡ್ಡು ಜಾಸ್ತಿ! ಮಧ್ಯೆ ಒಂದು ಡ್ರಮ್ ಇಡಿ. ಜಿಡ್ಡು ಮೇಲೆ ತೇಲುತ್ತದೆ, ಅನ್ನದ ಅಗುಳು ತಳಕ್ಕೆ ಇಳಿಯುತ್ತದೆ, ನಡುವಿನ ನೀರು ಮಾತ್ರ ಮುಂದೆ ಹೋಗಲಿ. ವಾರಕ್ಕೊಮ್ಮೆ ಜಿಡ್ಡು ತೆಗೆಯಿರಿ. ಇದನ್ನು ಬಿಟ್ಟರೆ ಜಲ್ಲಿ ಕಟ್ಟಿಕೊಳ್ಳುತ್ತದೆ.

ಈಗ ಗಿಡ. ಕಾಬಾಳೆ ಒಳ್ಳೆಯದು, ಕೆಸುವೂ ಆಗುತ್ತದೆ. ಕೆರೆಯಂಚಿನ ಜೊಂಡನ್ನು ಬೇರಿನ ಮಣ್ಣಿನ ಸಮೇತ ತಂದರೆ ಬ್ಯಾಕ್ಟೀರಿಯಾ ಪುಕ್ಕಟೆ ಬರುತ್ತವೆ. ಜರ್ಮನಿಯ ವಿಜ್ಞಾನಿ ಕೇಟೆ ಸೈಡಲ್ 1950ರ ದಶಕದಲ್ಲೇ ಇಂಥ ಗಿಡಗಳಿಂದ ಕೊಳಚೆ ನೀರು ತಿಳಿಯಾಗಿಸುವ ಪ್ರಯೋಗ ನಡೆಸಿದ್ದರು. ಬಚ್ಚಲ ಹಿಂದೆ ಬಾಳೆ, ಕೆಸು ಹಾಕುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಹೊಸದೇನಲ್ಲ, ಅಲ್ವಾ?

ಗಿಡವೇ ಎಲ್ಲ ಕೊಳೆ ಹೀರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೆಲವು ವಾರದಲ್ಲಿ ಒಂದೊಂದು ಜಲ್ಲಿ ಕಲ್ಲಿಗೂ ಲೋಳೆ ಅಂಟುತ್ತದೆ. ಸಾಬೂನು, ಬೆವರು, ಗಂಜಿ ತಿನ್ನುವುದು ಆ ಲೋಳೆಯಲ್ಲಿರುವ ಬ್ಯಾಕ್ಟೀರಿಯಾ. ಬೇರು ಅವಕ್ಕೆ ಮನೆ, ಒಂದಿಷ್ಟು ಗಾಳಿಯನ್ನೂ ಕೊಡುತ್ತದೆ. ಹಾಗಾಗಿ ಜಲ್ಲಿ ಜಾರುತ್ತಿದೆ ಅಂತ ಕಿತ್ತು ತೊಳೆಯಬೇಡಿ.

ಕಟ್ಟುವುದಕ್ಕಿಂತ ಸಾಕುವುದು ಕಷ್ಟ. ಹಬ್ಬದ ಮುಂಚೆ ನಮ್ಮ ಬಚ್ಚಲಿಗೆ ಅರ್ಧ ಬಾಟಲಿ ಆಸಿಡ್ ಸುರಿದು ಉಜ್ಜಿದೆವು. ಬಚ್ಚಲು ಫಳಫಳ, ಮಡಿ ಮಾತ್ರ ವಾರವಿಡೀ ನಾತ. ಬ್ಲೀಚಿಂಗ್ ಪುಡಿ, ಫಿನಾಯಿಲ್ ಸುರಿದರೂ ಅದೇ ಗತಿ.

ಹೊರಬಂದ ನೀರು ತೆಂಗು, ಬಾಳೆ, ಹೂಗಿಡಕ್ಕೆ. ಕುಡಿಯಲು, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಸಾಬೂನಿನ ಉಪ್ಪನ್ನು ಬ್ಯಾಕ್ಟೀರಿಯಾ ತಿನ್ನಲಾರವು. ಅದಕ್ಕೇ ದಿನಾ ಒಂದೇ ಮರಕ್ಕೆ ಬಿಡದೆ ಸರದಿ ಮೇಲೆ ಬಿಡಿ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಮೊದಲು ಡ್ರಮ್ಮಿನ ಜಿಡ್ಡು ನೋಡಿ. ಆಮೇಲೆ ಎಲ್ಬೊ ಬಗ್ಗಿಸಿ ನೀರು ಇಳಿಸಿ, ಒಂದು ದಿನ ಮಡಿಯನ್ನು ಸುಮ್ನೆ ಬಿಡಿ.