ಕಳೆಯುವುದು ಬರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ

ಮೂರನೇ ತರಗತಿಯ ಮಗುವಿನ ಮುಂದೆ 12 – 5 ಎಂದು ಬರೆದಿಟ್ಟರೆ ತಡಮಾಡದೆ 7 ಬರೆಯುತ್ತದೆ. ಅದೇ ಲೆಕ್ಕವನ್ನು ಮಾತಿನಲ್ಲಿ ಕೊಡಿ: ‘ಗೀತಾಳ ಬಳಿ 12 ಬಳೆಗಳಿವೆ. ಇವು ರಜಿಯಾಳ ಬಳಿ ಇರುವ ಬಳೆಗಳಿಗಿಂತ 5 ಹೆಚ್ಚು. ರಜಿಯಾಳ ಬಳಿ ಎಷ್ಟು ಬಳೆಗಳಿವೆ?’ ಸರಿಯುತ್ತರ 7, ಮಗು ಬರೆಯುವುದು 17. ‘ಗಣಿತದಲ್ಲಿ ಹಿಂದೆ’ ಎಂದು ಷರಾ ಬೀಳುತ್ತದೆ. ಮಗು ಎಡವಿದ್ದು ಗಣಿತದಲ್ಲಲ್ಲ, ‘ಗಿಂತ’ದಲ್ಲಿ.

2ರಿಂದ 5ನೇ ತರಗತಿಯ ಕನ್ನಡ ಮಾಧ್ಯಮದ ಮಕ್ಕಳ ಜೊತೆ, ತೊಡಕು ಎಲ್ಲಿದೆ ಎಂದು ಹುಡುಕಿ ಕಲಿಸಲು ನಾನು ಅನುಸರಿಸುವ ಕ್ರಮ ಇದು. ಮೇಲಿನ ಪ್ರಶ್ನೆಗೆ ಎಷ್ಟೋ ಮಕ್ಕಳು 17 ಎನ್ನುತ್ತಾರೆ, ಹಾಗಾಗಿ ಒಂದು ತಪ್ಪಿನಿಂದ ಏನನ್ನೂ ತೀರ್ಮಾನಿಸುವುದಿಲ್ಲ. 20ರೊಳಗಿನ ಐದು ಲೆಕ್ಕಗಳನ್ನು ನಾಲ್ಕು ಬಗೆಯಲ್ಲಿ, ಸಂಖ್ಯೆ ಬದಲಿಸಿ, ಬೇರೆ ಬೇರೆ ದಿನ ಕೊಡುತ್ತೇನೆ: ಬರೀ ಅಂಕಿಯಲ್ಲಿ, ಹುಣಸೆಬೀಜ ಇಟ್ಟು, ನಾನೇ ಪ್ರಶ್ನೆ ಓದಿ ಹೇಳಿ, ಕೊನೆಗೆ ಮಗುವೇ ಓದಿಕೊಂಡು. ಮೊದಲೆರಡು ಸರಿಯಾಗಿ, ನಾನು ಓದಿ ಹೇಳಿದಾಗಲೂ ತಪ್ಪಾದರೆ ತೊಡಕು ಭಾಷೆಯಲ್ಲಿದೆ. ಓದಿ ಹೇಳಿದಾಗ ಸರಿಯಾಗಿ, ತಾನೇ ಓದಿದಾಗ ತಪ್ಪಾದರೆ ತೊಡಕು ಓದಿನಲ್ಲಿ. ಒತ್ತಕ್ಷರ, ಗುಣಿತ ನೋಡಬೇಕು. ಅಂಕಿಯೇ ತಪ್ಪಾದರೆ ಮಾತ್ರ ಅದು ಗಣಿತದ ವಿಷಯ. ಇದು ತಿಳಿಯದೆ ಮಗ್ಗಿ ಉರು ಹೊಡೆಸಿ ವರ್ಷ ಕಳೆಯುವುದು ನಡೆದೇ ಇದೆ.

ಇದಕ್ಕೂ ಮೊದಲು ಕಿವಿ. ಶೀತ ಬಂದು ಕಿವಿಪೊರೆಯ ಹಿಂದೆ ನೀರು ನಿಂತ ಮಗು ಒಂದು ದಿನ ಕೇಳುತ್ತದೆ, ಒಂದು ದಿನ ಕೇಳುವುದಿಲ್ಲ. ‘ಗಮನ ಕೊಡೋಲ್ಲ’ ಎಂಬ ದೂರು ಹುಟ್ಟುವುದು ಅಲ್ಲಿಂದಲೂ ಇರಬಹುದು. ಬಾಯಿಗೆ ಹಾಳೆ ಅಡ್ಡ ಹಿಡಿದು ಆ, ಊ, ಈ, ಮ್, ಶ್, ಸ್ ಎಂಬ ಆರು ದನಿಗಳನ್ನು ಮೊದಲು ಒಂದು ಮೀಟರ್, ಆಮೇಲೆ ಮೂರು ಮೀಟರ್ ದೂರದಿಂದ ಕ್ರಮ ಬದಲಿಸಿ ಹೇಳಿ, ಮಗುವಿನಿಂದ ಹೇಳಿಸುತ್ತೇನೆ. ದನಿ ದನಿಯ ನಡುವೆ ಒಂದೇ ಸಮನೆ ಬಿಡುವು ಕೊಡಬಾರದು, ಮಗು ಊಹಿಸಿ ಹೇಳಿಬಿಡುತ್ತದೆ. ಇದು ಶ್ರವಣ ಪರೀಕ್ಷೆಗೆ ಬದಲಿಯಲ್ಲ; ಒಂದು ದನಿ ತಪ್ಪಿದರೂ, ಕಿವಿ ಸೋರುತ್ತಿದ್ದರೂ ಆಸ್ಪತ್ರೆಗೆ ಕಳಿಸುತ್ತೇನೆ.

ಭಾಷೆಯ ತೊಡಕನ್ನು ಚೆನ್ನಾಗಿ ಬಯಲು ಮಾಡುವುದು ವಾಕ್ಯ ಹೇಳಿಸುವುದು. ನಾಲ್ಕು ಪದಗಳಿಂದ ಎಂಟು ಪದಗಳವರೆಗೆ ಬೆಳೆಯುವ ಹನ್ನೆರಡು ವಾಕ್ಯ, ಆಡುಮಾತಿನಲ್ಲೇ. ‘ಅಜ್ಜಿ ಕೊಟ್ಟ ಚೀಲದಲ್ಲಿದ್ದ ಕಡಲೇಕಾಯಿನ ತಮ್ಮಂಗೆ ಕೊಟ್ಟೆ’ ಎಂಬುದು ‘ಅಜ್ಜಿ ಕೊಟ್ಟ ಚೀಲ ಕಡಲೇಕಾಯಿ ತಮ್ಮ ಕೊಟ್ಟೆ’ ಎಂದು ವಾಪಸ್ ಬಂದರೆ, ಉದುರಿದ್ದೇನೆಂದು ಬರೆದಿಡಬೇಕು: ‘ಗೆ’, ‘ನ’, ‘ಅಲ್ಲಿ’, ‘ಇದ್ದ’. ಪದಗಳೆಲ್ಲ ಉಳಿದಿವೆ, ಅವನ್ನು ಕಟ್ಟುವ ದಾರ ಹೋಗಿದೆ. ಪಾಠದಲ್ಲೂ ಆ ಮಗುವಿಗೆ ಸಿಗುವುದು ಬಿಡಿ ಪದಗಳೇ. ಕಡಲೇಕಾಯಿ ಶೇಂಗಾ ಆದರೆ ತಪ್ಪಲ್ಲ. ಮೈಸೂರು ಕಡೆಯ ಮಗು ‘ಹಾಲು’ ಎನ್ನದೆ ‘ಆಲು’ ಎಂದರೆ ಅದೂ ತಪ್ಪಲ್ಲ, ಅದು ಊರಿನ ಮಾತು.

ಮನೆಯಲ್ಲಿ ತುಳು, ಉರ್ದು, ತೆಲುಗು ಅಥವಾ ಲಂಬಾಣಿ ಇದ್ದರೆ ತಾಯಿಯನ್ನು ಕೇಳುವುದು ಇಷ್ಟೇ: ‘ಇವನು ಶಾಲೇಲಿ ಆದದ್ದನ್ನ ನಿಮ್ಮ ಮಾತಲ್ಲಿ ಸರಿಯಾಗಿ ಹೇಳ್ತಾನಾ? ಇವನ ಅಕ್ಕ ಈ ವಯಸ್ಸಲ್ಲಿ ಹೇಗೆ ಹೇಳ್ತಿದ್ಲು?’ ಮನೆಮಾತು ಸೊಗಸಾಗಿದ್ದರೆ ಬೇಕಾದ್ದು ಕನ್ನಡದ ಜೊತೆ ಒಡನಾಟ. ಎರಡೂ ತಡವರಿಸಿದರೆ ತಜ್ಞರು ನೋಡಬೇಕು. ಮನೆಮಾತು ಬಿಡಿಸಿ ಎಂದು ಮಾತ್ರ ಹೇಳಬೇಡಿ; ಇರುವ ಒಂದು ಆಸರೆಯೂ ಹೋಗುತ್ತದೆ.

ಇನ್ನು ಕಲಿಸುವುದು. ಮೂರು ನಾಲ್ಕು ಮಕ್ಕಳ ಗುಂಪು, ದಿನಕ್ಕೆ 20 ನಿಮಿಷ, ವಾರದಲ್ಲಿ ನಾಲ್ಕು ದಿನ, ಬೆಳಗಿನ ಹೊತ್ತು. ಬಿಸಿಯೂಟದ ನಂತರ ಇಟ್ಟುಕೊಂಡರೆ ಅರ್ಧ ಮಕ್ಕಳು ತೂಕಡಿಸುತ್ತವೆ. ‘ಗಿಂತ’ಕ್ಕೆ ನೆಲದ ಮೇಲೆ ಹುಣಸೆಬೀಜದ ಎರಡು ಸಾಲು, ಒಂದರ ಎದುರು ಒಂದು, ಮಿಕ್ಕಿದ್ದಕ್ಕೆ ಸೀಮೆಸುಣ್ಣದ ಸುತ್ತು. ‘ಇದು ಅದಕ್ಕಿಂತ ಮೂರು ಹೆಚ್ಚು’ ಎಂದ ಮಗು ಆ ಕಡೆ ಹೋಗಿ ಕೂತು ‘ಇದು ಅದಕ್ಕಿಂತ ಮೂರು ಕಡಿಮೆ’ ಎನ್ನಬೇಕು. ಜಾಗ ಬದಲಿಸುವುದು ಆಟಕ್ಕಲ್ಲ. ಇದ್ದಲ್ಲೇ ಕೂತರೆ ಮಗು ಉದ್ದದ ಸಾಲನ್ನಷ್ಟೇ ನೋಡುತ್ತಿರುತ್ತದೆ. ಎರಡೂ ಕಡೆಯ ಮಾತು ಸಲೀಸಾಗಿ ಬರುವವರೆಗೆ ಬರಹದ ಪ್ರಶ್ನೆ ಕೊಡುವುದಿಲ್ಲ.

ಇಲ್ಲಿ ಕೆಡುವುದು ಒಂದು ಸುಲಭ ಸೂತ್ರದಿಂದ: ‘ಹೆಚ್ಚು ಅಂದ್ರೆ ಕೂಡು, ಕಡಿಮೆ ಅಂದ್ರೆ ಕಳೆ.’ ಗೀತಾಳ ಬಳೆಗೆ 17 ಬಂದದ್ದು ಈ ಸೂತ್ರದ ಕೃಪೆ.

ಪದಗಳ ಕಥೆ ಬೇರೆ. ವಾರಕ್ಕೆ ನಾಲ್ಕೇ ಪದ, ಅವೂ ಪಾಠ ಬರುವ ಮುಂಚಿನ ವಾರ. ‘4 ಮಕ್ಕಳಿಗೆ ತಲಾ 3 ಬಾಳೆಹಣ್ಣು’ ಎಂದರೆ ತಲೆ ಮುಟ್ಟಿಕೊಳ್ಳುವ ಮಕ್ಕಳಿದ್ದಾರೆ. ‘ತಲಾ’ ಮನೆಯಲ್ಲಿ ಯಾರ ಬಾಯಲ್ಲೂ ಇಲ್ಲ, ಅಲ್ಲಿರುವುದು ‘ಒಬ್ಬೊಬ್ಬರಿಗೆ’. ವ್ಯತ್ಯಾಸ, ಉಳಿದ, ಪ್ರತಿ, ‘ಎಂದು ಕರೆಯಲಾಗುತ್ತದೆ’ ಕೂಡ ಇದೇ ಜಾತಿ. ಮೊದಲು ಮನೆಯ ಪದ, ಪಕ್ಕದಲ್ಲಿ ಪುಸ್ತಕದ ಪದ, ಆಮೇಲೆ ಕೈಯಲ್ಲಿ ಮಾಡಿಸುವುದು: ‘ತಲಾ ಎರಡು ಬೀಜ ಹಂಚು.’ ಅರ್ಥ ಬರೆಸಿ ಬಾಯಿಪಾಠ ಮಾಡಿಸಿದ್ದು ಸೋಮವಾರಕ್ಕೆ ಇರುವುದಿಲ್ಲ.

ಮಾತಿನಲ್ಲಿ ಪ್ರತ್ಯಯ ಬಿಟ್ಟರೆ ತಿದ್ದಿ ಹೇಳಿಸುವುದಿಲ್ಲ. ‘ತಮ್ಮ ಪೆನ್ಸಿಲ್ ಕೊಟ್ಟೆ ಮಿಸ್’ ಎಂದರೆ ‘ಓ, ತಮ್ಮಂಗೆ ಕೊಟ್ಟ್ಯಾ?’ ಎಂದು ‘ಗೆ’ ಮೇಲೆ ಒತ್ತು ಕೊಟ್ಟು ಮಾತು ಮುಂದುವರಿಸುತ್ತೇನೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಏಳರವರೆಗೆ ಎಣಿಸಿ ಕಾಯುತ್ತೇನೆ. ‘ಅರ್ಥ ಆಯ್ತಾ?’ ಎಂದು ಕೇಳುವುದನ್ನು ಬಿಟ್ಟಿದ್ದೇನೆ, ಅದಕ್ಕೆ ಎಲ್ಲರದೂ ‘ಹೂಂ ಮಿಸ್’. ‘ಯಾರ ಬಳೆ ಎಷ್ಟು ಅಂತ ಕೇಳ್ತಿದಾರೆ?’ ಎಂದರೆ ನಿಜ ಗೊತ್ತಾಗುತ್ತದೆ.

ಉಚ್ಚಾರದ ತೊಡಕಿನಲ್ಲಿ ನೋಡಬೇಕಾದ್ದು ಬರಹವನ್ನು. ‘ತಾಗೆ’ ಎನ್ನುವ ಮಗು ‘ಕಾಗೆ’ ಎಂದೇ ಬರೆದರೆ ಕೆಲಸ ನಾಲಿಗೆಯದು. ‘ತಾಗೆ’ ಎಂದೇ ಬರೆದರೆ ಎರಡು ದನಿಗಳ ಭೇದವೇ ಮನಸ್ಸಿನಲ್ಲಿ ಗಟ್ಟಿಯಾಗಿಲ್ಲ. ಅಂಥ ಮಗುವಿಗೆ ಕಾಗುಣಿತವೂ ಕೈಕೊಡುತ್ತದೆ. ಉಗ್ಗುವ ಮಗು ಉತ್ತರ ಗೊತ್ತಿದ್ದೂ ‘ಗೊತ್ತಿಲ್ಲ’ ಎನ್ನುತ್ತದೆ. ಒಟ್ಟಾಗಿ ಓದಿಸಿದಾಗ ಉಗ್ಗು ಕಡಿಮೆಯಾಗುವುದರಿಂದ ಓದನ್ನು ಇಬ್ಬಿಬ್ಬರಿಗೆ ಕೊಡಿ.

ಎಂಟು ವಾರ ಆದ ಮೇಲೆ ಅದೇ ನಾಲ್ಕು ಬಗೆಯ ಲೆಕ್ಕ, ಅದೇ ಹನ್ನೆರಡು ವಾಕ್ಯ. ಏನೂ ಕದಲದಿದ್ದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿರುವ ಬಿಐಇಆರ್‌ಟಿ ಶಿಕ್ಷಕರಿಗೆ, ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಈ ಹಾಳೆಗಳನ್ನೇ ಕೊಡುತ್ತೇನೆ. ಮೈಸೂರಿಗೆ ಹೋಗಬಲ್ಲವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ವಾಕ್ ಮತ್ತು ಭಾಷಾ ವೈಕಲ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ ಎರಡೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿವೆ. ‘ದಡ್ಡ’ ಎಂದು ಬರೆದ ಪತ್ರಕ್ಕಿಂತ ‘ಎಂಟು ಪದದ ವಾಕ್ಯದಲ್ಲಿ ಮೂರು ಪ್ರತ್ಯಯ ಬಿಡುತ್ತಾನೆ’ ಎಂದು ಬರೆದದ್ದು ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳುವಾಗ ಒಂದು ಎಚ್ಚರ: ‘ಹೆಚ್ಚು’ ಎಂಬಲ್ಲಿ ದನಿ ಏರಿಸಬೇಡಿ. ಮಗು ಹಿಡಿದುಕೊಳ್ಳುವುದು ಆ ಒಂದು ಪದವನ್ನೇ, ಮತ್ತೆ 17 ಬರೆಯುತ್ತದೆ.