ಬೀಡಿ ಕಟ್ಟುತ್ತಲೇ ಕೀರ್ತನೆ

ಮಂಜೇಶ್ವರ, ಕುಂಬಳೆ ಕಡೆ ಬೀಡಿ ಕಟ್ಟುವ ಅಕ್ಕಂದಿರೇ, ಪ್ರಾರ್ಥನೆಗೆ ಪುರುಸೊತ್ತಿಲ್ಲದಿದ್ದರೆ ಬೈಬಲಿನ 121ನೇ ಕೀರ್ತನೆಯನ್ನು ಕಟ್ಟಿನ ಲೆಕ್ಕದಲ್ಲಿ ಹೇಳಿ. 25 ಬೀಡಿಯ ಒಂದು ಕಟ್ಟಿಗೆ ಒಂದು ವಚನ. ಇರುವುದು ಎಂಟೇ ವಚನ, 200 ಬೀಡಿಗೆ ಮುಗಿಯುತ್ತದೆ. ಎಲೆ ಸುರುಟಿ ನೂಲು ಸುತ್ತುವುದು ಬೆರಳಿಗೇ ಗೊತ್ತು, ಮನಸ್ಸು ಖಾಲಿ. ಆ ಖಾಲಿ ಜಾಗಕ್ಕೇ ಅಲ್ವಾ ಸಾಲದ ಚಿಂತೆ ನುಗ್ಗುವುದು? ಅಲ್ಲಿ ‘ನನಗೆ ಸಹಾಯ ದೇವರಿಂದಲೇ’ ಅನ್ನುವ ಮಾತು ಮೊದಲೇ ಕೂತಿರಲಿ. ಕೊನೆಯ ವಚನ ಹೋಗುವಾಗ ಬರುವಾಗ ಕಾಯುವ ದೇವರದ್ದು. ಅಲ್ಲಿಗೆ ಬಂದಾಗ ಕಷ್ಟದಲ್ಲಿರುವ ಒಬ್ಬರನ್ನು ನೆನೆಯಿರಿ, ಬೀಡಿ ಕೊಟ್ಟು ಬರುವ ದಾರಿಯಲ್ಲಿ ಅವರ ಮನೆಗೆ ಹೊಕ್ಕು ಬನ್ನಿ. ಔಷಧಿ ತಂದುಕೊಡುವುದೂ ಸೇವೆಯೇ. ನಾಲ್ಕು ಜನ ಕೂತು ಪಟ್ಟಾಂಗ ಹೊಡೆಯುವಲ್ಲಿ ಇದು ನಡೆಯುವುದಿಲ್ಲ. ಎಲೆ ಕತ್ತರಿಸುವಾಗಲೂ ಬೇಡ, ಕಣ್ಣು ಕತ್ತರಿಯ ಮೇಲೇ ಇರಲಿ.